ಹಳೇ ಮಾರುತಿ 800ಕ್ಕೆ ಹೊಸ ಸ್ಟೀರಿಯೋ: ಮೊದಲು ವೈರು, ಆಮೇಲೆ ಹಾಡು

ಪ್ರಶ್ನೆ: ಸರ್, ನಾನು ಬದಿಯಡ್ಕದವನು. ನಮ್ಮದು 1997ರ ಮಾರುತಿ 800. ಅಪ್ಪ ತಗೊಂಡ ಕಾರು, ಕೊಡುವ ಮನಸ್ಸಿಲ್ಲ. ಅದರಲ್ಲಿದ್ದ ಕ್ಯಾಸೆಟ್ ಪ್ಲೇಯರ್ ನಿಂತುಹೋಗಿದೆ. ಬ್ಲೂಟೂತ್ ಇರುವ ಹೊಸ ಸ್ಟೀರಿಯೋ ಹಾಕಬೇಕು ಅಂತ ಉಂಟು. ಒಬ್ಬ ಅಂಗಡಿಯವರು "ದೊಡ್ಡ ಸ್ಕ್ರೀನ್ ಹಾಕುವ, ಡ್ಯಾಶ್‌ಬೋರ್ಡ್ ಸ್ವಲ್ಪ ಕೊಯ್ದರೆ ಸಾಕು" ಎನ್ನುತ್ತಾರೆ. ಇನ್ನೊಬ್ಬರು "ಹಳೇ ಗಾಡಿ, ಬ್ಯಾಟರಿ ಡೌನ್ ಆಗ್ತದೆ, ಬೇಡ" ಅಂದರು. ಹಿಂದೆ ಟ್ರೇ ಮೇಲೆ ಎರಡು ಹಳೇ ಸ್ಪೀಕರ್ ಇವೆ. ನಾವು ಕೇಳುವುದು ಜಾಸ್ತಿಯಾಗಿ ತಾಳಮದ್ದಳೆ, ಹಳೇ ಹಾಡು, ಮತ್ತೆ ಆಕಾಶವಾಣಿ. ಅಪ್ಪನ ಕ್ಯಾಸೆಟ್‌ಗಳೂ ಒಂದು ಪೆಟ್ಟಿಗೆ ಇವೆ. ಈ ಕೆಲಸ ನಾನೇ ಮಾಡಬಹುದಾ?

ಉತ್ತರ: ಧಾರಾಳವಾಗಿ ಮಾಡಬಹುದು. ಡ್ಯಾಶ್‌ಬೋರ್ಡ್ ಕೊಯ್ಯುವುದು ಬೇಡವೇ ಬೇಡ. ಇನ್ನು ಬ್ಯಾಟರಿ ವಿಷಯ. ಸ್ಟೀರಿಯೋ ಹಾಕಿದ್ದಕ್ಕೆ ಬ್ಯಾಟರಿ ಇಳಿಯುವುದಿಲ್ಲ, ವೈರು ತಪ್ಪಾಗಿ ಕೊಟ್ಟರೆ ಇಳಿಯುತ್ತದೆ. ಹಳೇ ಕಾರಿನಲ್ಲಿ ನಿಜವಾದ ಕೆಲಸ ಇರುವುದು ಡ್ಯಾಶ್‌ಬೋರ್ಡಿನ ಹಿಂದಿರುವ ವೈರಿನಲ್ಲಿ. ಜನ ಸೆಟ್ಟಿಗೆ ದುಡ್ಡು ಸುರಿದು ವೈರಿಂಗಿಗೆ ಅರ್ಧ ಗಂಟೆಯನ್ನೂ ಕೊಡುವುದಿಲ್ಲ. ನೀವು ಅದನ್ನು ತಿರುಗಿಸಿ ಮಾಡಿ. ಸಾಧಾರಣ ಸೆಟ್ಟು ತಗೊಳ್ಳಿ, ವೈರಿಂಗಿಗೆ ಒಂದು ಪೂರ್ತಿ ದಿನ ಕೊಡಿ.

ಸೆಟ್ಟಿನ ಆಯ್ಕೆ ಸುಲಭ. ನಿಮ್ಮ ಕ್ಯಾಸೆಟ್ ಪ್ಲೇಯರ್ ಕೂತಿರುವುದು ಸಿಂಗಲ್ ಡಿನ್ ಜಾಗದಲ್ಲಿ. ಅಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಇವತ್ತಿಗೂ ಅದೇ ಅಳತೆಯ ಬ್ಲೂಟೂತ್ ಸೆಟ್ಟುಗಳು ಸಿಗುತ್ತವೆ. ದೊಡ್ಡ ಸ್ಕ್ರೀನಿನದ್ದು ಡಬಲ್ ಡಿನ್, ಎತ್ತರ 100 ಮಿ.ಮೀ. ಅದು ಕೂರಬೇಕಾದರೆ ಪ್ಲಾಸ್ಟಿಕ್ ಕೊಯ್ಯಲೇಬೇಕು. ಒಮ್ಮೆ ಕೊಯ್ದ ಡ್ಯಾಶ್‌ಬೋರ್ಡ್ ಮತ್ತೆ ಕೂಡುವುದಿಲ್ಲ, ಈ ಮಾಡೆಲಿಗೆ ಒಳ್ಳೇ ಸ್ಥಿತಿಯ ಇನ್ನೊಂದು ಹುಡುಕುವುದೂ ಕಷ್ಟ. ಸಿಡಿ ಹಾಕುವ ಬಾಯಿ ಇಲ್ಲದ ಸೆಟ್ಟನ್ನೇ ತಗೊಳ್ಳಿ. ಅದರ ಉದ್ದ ಕಡಿಮೆ, ಹಿಂದೆ ವೈರು ಮಡಚಿಡಲು ಜಾಗ ಉಳಿಯುತ್ತದೆ. 800ರಲ್ಲಿ ಆ ಜಾಗ ತುಂಬಾ ಬೇಕಾಗುತ್ತದೆ. ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೂ ಒಂದು ಮಾತು: ಮೂಲ ಡ್ಯಾಶ್ ಮುಟ್ಟಬೇಡಿ, ಅದರ ಅಡಿಯಲ್ಲಿ ಒಂದು ಬ್ರಾಕೆಟ್ ಕಟ್ಟಿ ಅಲ್ಲಿ ಸೆಟ್ಟು ಕೂರಿಸಿ.

ಕೆಲಸ ಶುರು ಮಾಡುವ ಮೊದಲು 10ರ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಬೇಡಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಬಾಡಿಗೆ, ಅಂದರೆ ಅದರ ತಗಡಿಗೆ, ತಾಗಿದರೆ ಕಿಡಿ ಹಾರುತ್ತದೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗುವುದಿಲ್ಲ.

ಆಮೇಲೆ ಹಳೇ ಪ್ಲೇಯರ್ ಮೆಲ್ಲ ಹೊರಗೆಳೆಯಿರಿ. ಅದರ ಹಿಂದೆ ಕಪ್ಪು ಟೇಪು ಸುತ್ತಿದ ವೈರಿನ ಗೊಂಚಲೊಂದು ಬರುತ್ತದೆ. ಟೇಪನ್ನು ಬೆರಳಲ್ಲಿ ಸ್ವಲ್ಪ ಒತ್ತಿ ನೋಡಿ. ನಮ್ಮ ಸೆಕೆಗೆ ಅದರ ಅಂಟು ಕರಗಿ ಕೈಗೆ ಹತ್ತುತ್ತದೆ, ಟೇಪು ತಾನಾಗಿ ಜಾರುತ್ತದೆ. ಒಳಗೆ ಎರಡು ವೈರನ್ನು ಬರೀ ತಿರುಚಿ ಸೇರಿಸಿರುತ್ತಾರೆ. ಆ ತಾಮ್ರ ಕೆಂಪಗಿರುವುದಿಲ್ಲ, ಕಪ್ಪಾಗಿರುತ್ತದೆ ಅಥವಾ ಹಸಿರು ಹಿಡಿದಿರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ಕುಂಬಳೆ, ಉಪ್ಪಳದ ಕಡೆ ಅದರ ಮೇಲೆ ಕಡಲಿನ ಉಪ್ಪು ಗಾಳಿ. ನಿಮ್ಮ ಬದಿಯಡ್ಕ, ಪೆರ್ಲದ ಕಡೆ ಉಪ್ಪು ಕಡಿಮೆ, ಆದರೆ ಇಲಿ ಕಾಟ. ಅಡಕೆ ರಾಶಿ ಹಾಕುವ ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಲ್ಲಿಸುತ್ತೀರಿ ಅಲ್ವಾ? ಹಾಗಾದರೆ ಡ್ಯಾಶ್ ಅಡಿಯಲ್ಲಿ ಟಾರ್ಚ್ ಬಿಟ್ಟು ಇಲಿ ಕಡಿದ ಗುರುತು ಉಂಟಾ ಅಂತ ನೋಡಲೇಬೇಕು. ಹೊಸ ಸೆಟ್ಟನ್ನು ಈ ಗೊಂಚಲಿಗೇ ಸೇರಿಸಿದರೆ ಇವತ್ತು ಹಾಡುತ್ತದೆ. ಮುಂದಿನ ಜೂನ್, ಜುಲೈ ಹೊತ್ತಿಗೆ ಕೈ ಕೊಡುತ್ತದೆ.

ಆದ್ದರಿಂದ ಹಳೇ ಪ್ಲೇಯರಿಗೆ ಬಂದಿದ್ದ ಕರೆಂಟಿನ ವೈರನ್ನು ನಂಬಬೇಡಿ, ಹೊಸದಾಗಿ ಎಳೆಯಿರಿ. ಸೆಟ್ಟಿನ ಜೊತೆ ಬರುವ ಕಪ್ಲರಿನಲ್ಲಿ ಬಣ್ಣಬಣ್ಣದ ವೈರು ಇರುತ್ತದೆ. ಹೆಸರಿರುವ ಕಂಪನಿಗಳಲ್ಲಿ ಬಣ್ಣ ಹೆಚ್ಚು ಕಡಿಮೆ ಒಂದೇ. ಹಳದಿ ಯಾವಾಗಲೂ ಬ್ಯಾಟರಿಗೆ. ಕೆಂಪು ಕೀಗೆ. ಕಪ್ಪು ಅರ್ತ್, ಅಂದರೆ ಕಾರಿನ ತಗಡಿಗೆ. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದಲ್ಲಿ ಕಪ್ಪು ಗೆರೆ ಇದ್ದರೆ ಅದು ಆ ಸ್ಪೀಕರಿನ ನೆಗೆಟಿವ್. ನೀಲಿ ವೈರು ಆ್ಯಂಪ್ಲಿಫೈಯರಿಗೋ ಮೋಟಾರ್ ಆಂಟೆನಾಕ್ಕೋ ಇರುವಂಥದ್ದು. ನಿಮಗೆ ಬೇಡ, ತುದಿಗೆ ಸ್ಲೀವ್ ಹಾಕಿ ಮುಚ್ಚಿಡಿ. ಆದರೂ ಸೆಟ್ಟಿನ ಮೇಲೆ ಅಂಟಿಸಿದ ಚಿತ್ರ ನೋಡದೆ ಬಣ್ಣ ಮಾತ್ರ ನಂಬಿ ಜೋಡಿಸಬೇಡಿ.

ಬ್ಯಾಟರಿ ಇಳಿಯುವ ಕಥೆ ಇರುವುದು ಈ ಹಳದಿ ಮತ್ತು ಕೆಂಪಿನಲ್ಲಿ. ಸೆಟ್ಟಿನ ಕೆಲಸಕ್ಕೆ ಬೇಕಾದ ಕರೆಂಟು ಹಳದಿಯಲ್ಲಿ ಬರುತ್ತದೆ. ಗಡಿಯಾರ, ಸ್ಟೇಷನ್ ನೆನಪಿಟ್ಟುಕೊಳ್ಳುವುದೂ ಅದರಿಂದಲೇ. ಕೆಂಪು ಸೆಟ್ಟಿಗೆ "ಕೀ ಹಾಕಿದ್ದಾರೆ, ಏಳು" ಅಂತ ಹೇಳುವ ವೈರು. ಕೀಯ ವೈರು ಹುಡುಕುವ ರಗಳೆ ಬೇಡ ಅಂತ ಕೆಲವು ಕಡೆ ಕೆಂಪನ್ನೂ ಹಳದಿಯನ್ನೂ ಒಟ್ಟಿಗೆ ಕಟ್ಟಿ ಬ್ಯಾಟರಿಗೆ ಕೊಡುತ್ತಾರೆ. ಕೀ ತೆಗೆದರೂ ಹಾಡು ಬರುತ್ತದೆ, ಗಿರಾಕಿಗೂ ಖುಷಿ. ಆದರೆ ಹಾಗೆ ಕೊಟ್ಟಾಗ ಬಟನ್ ಒತ್ತಿ ಆಫ್ ಮಾಡಿದರೂ ಎಷ್ಟೋ ಸೆಟ್ಟುಗಳು ಪೂರ್ತಿ ಮಲಗುವುದಿಲ್ಲ. ಲೆಕ್ಕ ಹಾಕಿ ನೋಡಿ. ನಿಮ್ಮ ಕಾರಿನ ಬ್ಯಾಟರಿ ಸುಮಾರು 35 ಆ್ಯಂಪಿಯರ್-ಅವರ್. ಸೆಟ್ಟು ಸುಮ್ನೆ ಕೂತು 0.3 ಆ್ಯಂಪಿಯರ್ ಎಳೆದರೆ ದಿನಕ್ಕೆ 7.2 ಹೋಯಿತು. ನಾಲ್ಕು ದಿನ ಕಾರು ತೆಗೆಯದಿದ್ದರೆ 28ಕ್ಕೂ ಜಾಸ್ತಿ. ಐದನೇ ದಿನ ದೂಡಬೇಕಷ್ಟೆ. ಕೆಂಪನ್ನು ಸರಿಯಾಗಿ ಕೀಗೆ ಕೊಟ್ಟರೆ ಕೀ ತೆಗೆದ ಮೇಲೆ ಸೆಟ್ಟು ಎಳೆಯುವುದು ಕೆಲವೇ ಮಿಲಿ ಆ್ಯಂಪಿಯರ್.

ಕೀಯ ವೈರು ಹುಡುಕಲು ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರ್ ಸಾಕು. ಇಷ್ಟಕ್ಕೆ ಮಾತ್ರ ಬ್ಯಾಟರಿ ನೆಗೆಟಿವ್ ಮತ್ತೆ ತಾಗಿಸಿ. ಕೀ ಒಂದು ಹಂತ ತಿರುಗಿಸಿದಾಗ 12 ವೋಲ್ಟ್ ಬರಬೇಕು, ಕೀ ತೆಗೆದಾಗ ಸೊನ್ನೆ ಆಗಬೇಕು. ಅದೇ ನಿಮ್ಮ ವೈರು. ಹೆಚ್ಚಾಗಿ ಹಳೇ ಪ್ಲೇಯರಿನ ಹತ್ತಿರವೇ ಇರುತ್ತದೆ.

ಹಳದಿಗೆ 2.5 ಸ್ಕ್ವೇರ್ ಎಂಎಂ ವೈರು ತಗೊಳ್ಳಿ, ಒಳಗೆ ಸಣ್ಣ ಸಣ್ಣ ಎಳೆ ಇರುವ ಆಟೋ ವೈರು. ಬ್ಯಾಟರಿ ಪಾಸಿಟಿವ್‌ನಿಂದ ನೇರವಾಗಿ ಎಳೆಯಿರಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆ್ಯಂಪಿಯರ್ ಬ್ಲೇಡ್ ಫ್ಯೂಸ್ ಹಾಕಿ. ಸೆಟ್ಟಿನ ಹಿಂದೆ ಫ್ಯೂಸ್ ಉಂಟಲ್ಲ, ಇದು ಯಾಕೆ ಅಂತ ಕೇಳುವವರಿದ್ದಾರೆ. ಸೆಟ್ಟಿನ ಫ್ಯೂಸ್ ಸೆಟ್ಟನ್ನು ಕಾಯುತ್ತದೆ. ಬ್ಯಾಟರಿ ಪಕ್ಕದ ಫ್ಯೂಸ್ ವೈರನ್ನು ಕಾಯುತ್ತದೆ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ವೈರು ತೂರಿಸುತ್ತೀರಿ. ಆ ತೂತಿನ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋದರೆ ಬ್ಯಾಟರಿಯ ಅಷ್ಟೂ ಕರೆಂಟು ಬಾಡಿಗೆ ಇಳಿಯುತ್ತದೆ. ಫ್ಯೂಸ್ ಇಲ್ಲದಿದ್ದರೆ ವೈರು ಉರಿಯುತ್ತದೆ. ಪೆಟ್ರೋಲ್ ಗಾಡಿ ಮಾರಾಯ್ರೆ, ಈ ಒಂದು ಫ್ಯೂಸಿನಲ್ಲಿ ಉಳಿತಾಯ ಮಾಡಬೇಡಿ. ತೂತಿಗೆ ರಬ್ಬರ್ ಗ್ರಾಮೆಟ್, ಅಂದರೆ ಅಂಚಿಗೆ ಕೂರಿಸುವ ರಬ್ಬರ್ ಬಳೆ, ಕಡ್ಡಾಯ. ವೈರು ಜೋಡಿಸುವಲ್ಲಿ ಸೋಲ್ಡರ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಸೋಲ್ಡರ್ ಬಾರದಿದ್ದರೆ ಒಳ್ಳೇ ಕ್ರಿಂಪ್ ಕನೆಕ್ಟರ್ ಆದರೂ ಆಗಬಹುದು. ಬರೀ ತಿರುಚಿ ಟೇಪು ಸುತ್ತುವುದು ಬೇಡ.

ಇನ್ನು ಅರ್ತ್. ಕಪ್ಪು ವೈರನ್ನು ಡ್ಯಾಶ್ ಅಡಿಯಲ್ಲಿ ಸಿಕ್ಕಿದ ಯಾವುದೋ ಸ್ಕ್ರೂಗೆ ಸುತ್ತಿದರೆ ಅರ್ತ್ ಆಗುವುದಿಲ್ಲ. ಅದು ಪ್ಲಾಸ್ಟಿಕ್ ಹಿಡಿದ ಸ್ಕ್ರೂ ಇರಬಹುದು, ಪೇಂಟಿನ ಮೇಲೆ ಕೂತದ್ದಿರಬಹುದು. ಗಟ್ಟಿ ತಗಡಿನ ಜಾಗ ನೋಡಿ, ಪೇಂಟ್ ಹೋಗುವಷ್ಟು ಎಮೆರಿ ಪೇಪರಿನಲ್ಲಿ ಉಜ್ಜಿ, ರಿಂಗ್ ಟರ್ಮಿನಲ್ ಹಾಕಿ ಬೋಲ್ಟ್ ಬಿಗಿಯಿರಿ. ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ತುಕ್ಕು ಹಿಡಿಯುವುದಿಲ್ಲ. ಹಾಗೇ ಬಾನೆಟ್ ಅಡಿಯಲ್ಲಿ ಬ್ಯಾಟರಿಯಿಂದ ಬಾಡಿಗೆ ಹೋಗುವ ಮುಖ್ಯ ಅರ್ತ್ ಕೇಬಲನ್ನೂ ಬಿಚ್ಚಿ ಕ್ಲೀನ್ ಮಾಡಿ. ಇಷ್ಟು ಹಳೇ ಗಾಡಿಯಲ್ಲಿ ಅದನ್ನು ಯಾರೂ ಮುಟ್ಟಿರುವುದಿಲ್ಲ. ಅದೊಂದನ್ನು ಸರಿ ಮಾಡಿದ್ದಕ್ಕೇ ಹೆಡ್‌ಲೈಟ್ ಬೆಳಕು ಜಾಸ್ತಿಯಾದ ಕಾರುಗಳಿವೆ. ಅರ್ತ್ ಸರಿ ಉಂಟಾ ಅಂತ ಪರೀಕ್ಷೆ ಮಾಡಬೇಕಾದರೆ ಹಾಡು ಜೋರಾಗಿ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಸೆಟ್ಟಿನ ತಗಡಿಗೆ ಹಿಡಿಯಿರಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಎಲ್ಲೋ ಅರ್ತ್ ಸಡಿಲ ಇದೆ.

ಈಗ ಸ್ಪೀಕರಿಗೆ ಬರುವ. ಹಳೇ ಕಾರಿನಲ್ಲಿ ಹೊಸ ಸೆಟ್ಟು ಸುಟ್ಟುಹೋಗುವ ಜಾಗ ಇದು. ಆ ಕಾಲದ ಎಷ್ಟೋ ಕ್ಯಾಸೆಟ್ ಪ್ಲೇಯರ್‌ಗಳಲ್ಲಿ ಎರಡೂ ಸ್ಪೀಕರಿನ ನೆಗೆಟಿವ್ ಒಂದೇ ಇರುತ್ತಿತ್ತು. ಅದನ್ನು ಬಾಡಿಗೇ ಕೊಟ್ಟುಬಿಡುತ್ತಿದ್ದರು. ಪ್ರತಿ ಸ್ಪೀಕರಿಗೆ ಒಂದೇ ವೈರು ಎಳೆದರೆ ಸಾಕಾಗುತ್ತಿತ್ತು. ಈಗಿನ ಸೆಟ್ಟುಗಳು ಹಾಗಲ್ಲ. ಸ್ಪೀಕರಿನ ಎರಡು ವೈರಿನಲ್ಲೂ ಬಾಡಿಗೆ ಹೋಲಿಸಿದರೆ ಬ್ಯಾಟರಿಯ ಸುಮಾರು ಅರ್ಧ ವೋಲ್ಟೇಜ್ ಇರುತ್ತದೆ, 6 ಅಥವಾ 7 ವೋಲ್ಟ್. ಅದರಲ್ಲಿ ಯಾವುದೇ ಒಂದು ಬಾಡಿಗೆ ತಾಗಿದರೂ ಒಳಗಿನ ಆ್ಯಂಪ್ಲಿಫೈಯರ್ ಐಸಿಗೆ ಪೆಟ್ಟು. ಒಳ್ಳೇ ಸೆಟ್ಟಾದರೆ ತಾನಾಗಿ ಬಂದ್ ಆಗುತ್ತದೆ, ಇಲ್ಲದಿದ್ದರೆ ಐಸಿ ಸುಡುತ್ತದೆ. ಎರಡು ಸ್ಪೀಕರಿನ ನೆಗೆಟಿವ್ ಒಟ್ಟಿಗೆ ಕಟ್ಟುವುದೂ ಅಷ್ಟೇ ಅಪಾಯ. ಹಳೇ ಸ್ಪೀಕರ್ ವೈರು ಬಾಡಿಗೆ ಸೇರಿದೆಯೋ ಅಂತ ಮಲ್ಟಿಮೀಟರಿನ ಬೀಪ್ ಹಾಕಿ ನೋಡಿ. ನಾನಾದರೆ ನೋಡುವ ಕೆಲಸಕ್ಕೂ ಹೋಗುವುದಿಲ್ಲ, ಪ್ರತಿ ಸ್ಪೀಕರಿಗೂ ಎರಡೆರಡು ಹೊಸ ವೈರು ಎಳೆಯುತ್ತೇನೆ. 1 ಸ್ಕ್ವೇರ್ ಎಂಎಂ ಸಾಕು. ಕರೆಂಟಿನ ವೈರು ಕಾರಿನ ಒಂದು ಬದಿಯಲ್ಲಿ ಹೋದರೆ ಸ್ಪೀಕರ್ ವೈರು ಇನ್ನೊಂದು ಬದಿಯಲ್ಲಿ ಹೋಗಲಿ.

ವೈರು ಎಳೆದ ಮೇಲೆ, ಸೆಟ್ಟಿನ ಕಪ್ಲರಿಗೆ ಕೊಡುವ ಮೊದಲು ಒಂದು ಪೆನ್ಸಿಲ್ ಸೆಲ್ ತಗೊಳ್ಳಿ, ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನದ್ದು. ಡ್ಯಾಶ್ ಹತ್ತಿರ ಬಂದ ಸ್ಪೀಕರ್ ವೈರಿನ ಎರಡು ತುದಿಯನ್ನು ಸೆಲ್ಲಿಗೆ ಒಂದು ಕ್ಷಣ ತಾಗಿಸಿ ತೆಗೆಯಿರಿ. ಹಿಂದೆ ಒಬ್ಬರು ಸ್ಪೀಕರ್ ನೋಡುತ್ತಿರಲಿ. "ಟಪ್" ಅಂತ ಸದ್ದು ಬರುತ್ತದೆ, ಕೋನು ಸ್ವಲ್ಪ ಅಲ್ಲಾಡುತ್ತದೆ. ಸೆಲ್ಲಿನ ಪಾಸಿಟಿವ್ ಸ್ಪೀಕರಿನ ಪಾಸಿಟಿವ್‌ಗೆ ಸೇರಿದ್ದರೆ ಕೋನು ಹೊರಗೆ ಬರುತ್ತದೆ, ತಿರುವುಮುರುವಾಗಿದ್ದರೆ ಒಳಗೆ ಹೋಗುತ್ತದೆ. ಎಲ್ಲ ಸ್ಪೀಕರೂ ಒಂದೇ ದಿಕ್ಕಿಗೆ ಅಲ್ಲಾಡಬೇಕು. ಒಂದು ಹೊರಗೆ, ಇನ್ನೊಂದು ಒಳಗೆ ಹೋದರೆ ಎರಡರ ಸದ್ದು ಒಂದನ್ನೊಂದು ತಿಂದುಹಾಕುತ್ತದೆ. ಮದ್ದಳೆಯ ಗುಮ್ಮು ಮಾಯವಾಗಿ ತಗಡು ಬಡಿದ ಹಾಗೆ ಕೇಳುತ್ತದೆ. "ಸ್ಪೀಕರ್ ಒಳ್ಳೇದಿಲ್ಲ" ಅಂತ ಎಸೆದ ಎಷ್ಟೋ ಸ್ಪೀಕರಿನ ತಪ್ಪು ಬರೀ ಇದಾಗಿರುತ್ತದೆ.

ಡಬ್ಬದ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. "50 ವ್ಯಾಟ್ x 4" ಅಂತ ದೊಡ್ಡದಾಗಿ ಬರೆದಿರುತ್ತದೆ. ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು ಸುಮಾರು 14.4 ವೋಲ್ಟ್, ಸ್ಪೀಕರ್ 4 ಓಮ್. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿದರೆ 51.8. ಆ 50 ಬಂದದ್ದು ಅಲ್ಲಿಂದ. ಅದು ಸ್ವರ ಪೂರ್ತಿ ಒಡೆದ ಮೇಲಿನ ಲೆಕ್ಕ. ಸ್ವಚ್ಛವಾಗಿ ಕೇಳುವಂಥದ್ದು ಅದರ ಅರ್ಧವೂ ಇಲ್ಲ, ಚಾನೆಲ್ಲಿಗೆ 20 ವ್ಯಾಟ್ ಆಚೀಚೆ. ಸೆಟ್ಟಿನ ಹಿಂದಿನ 10 ಆ್ಯಂಪಿಯರ್ ಫ್ಯೂಸ್ ನೋಡಿದರೂ ಗೊತ್ತಾಗುತ್ತದೆ. 10ನ್ನು 14.4ರಿಂದ ಗುಣಿಸಿದರೆ 144 ವ್ಯಾಟ್. ಅಷ್ಟೇ ಒಳಗೆ ಹೋಗುವಾಗ 200 ಹೊರಗೆ ಬರುವುದು ಹೇಗೆ? 800ರಷ್ಟು ಸಣ್ಣ ಕಾರಿಗೆ 20 ವ್ಯಾಟ್ ಧಾರಾಳ ಸಾಕು. ಅದರ ಬದಲು ಸ್ಪೀಕರ್ ತಗೊಳ್ಳುವಾಗ ಸೆನ್ಸಿಟಿವಿಟಿ (ಅಷ್ಟೇ ವ್ಯಾಟಿಗೆ ಎಷ್ಟು ಸದ್ದು ಕೊಡುತ್ತದೆ ಅನ್ನುವುದು) ಎಷ್ಟು ಡೆಸಿಬೆಲ್ ಅಂತ ನೋಡಿ. 87ರದ್ದರ ಬದಲು 90ರದ್ದು ತಗೊಂಡರೆ ಸೆಟ್ಟಿನ ವ್ಯಾಟ್ ಎರಡರಷ್ಟಾದ ಹಾಗೆ. ಮತ್ತೆ, ಕಾಗದದ ಕೋನು ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ. ತೇವ ಕುಡಿದು ಮೆತ್ತಗಾಗುತ್ತದೆ, ಬೂಸಲು ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಕೋನು ಕೇಳಿ ತಗೊಳ್ಳಿ.

ನಿಮ್ಮ ಹಳೇ ಸ್ಪೀಕರ್ ಬಿಸಾಡುವ ಮೊದಲು ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. 3ರಿಂದ 4ರ ಒಳಗೆ ಬಂದರೆ, ಕೋನಿನ ಸುತ್ತಲಿನ ಅಂಚು ಹರಿದಿರದಿದ್ದರೆ, ಸದ್ಯಕ್ಕೆ ಅದೇ ಇರಲಿ. ಬದಲಿಸಬೇಕಾದದ್ದು ಟ್ರೇ. ರಟ್ಟಿನಂಥ ಆ ಹಲಗೆ ಸ್ಪೀಕರಿಗಿಂತ ಜಾಸ್ತಿ ಸದ್ದು ಮಾಡುತ್ತದೆ. 12 ಮಿ.ಮೀ. ಮರೈನ್ ಪ್ಲೈವುಡ್‌ನಲ್ಲಿ ಅದೇ ಆಕಾರಕ್ಕೆ ಕೊಯ್ಸಿ, ಗಟ್ಟಿಯಾಗಿ ಸ್ಕ್ರೂ ಮಾಡಿ. ಜೋರಾಗಿ ಬ್ರೇಕ್ ಹಾಕಿದಾಗ ಸ್ಪೀಕರ್ ಸಮೇತ ಹಲಗೆ ಹಿಂದೆ ಕೂತವರ ಕತ್ತಿಗೆ ಬಡಿಯಬಾರದು. ಡಿಕ್ಕಿಯಿಂದ ಟ್ರೇ ತೆಗೆಯಬೇಕಾದಾಗ ಬಿಚ್ಚಲು ಬರುವ ಹಾಗೆ ಸ್ಪೀಕರ್ ವೈರಿಗೆ ಒಂದು ಕಪ್ಲರ್ ಇಡಿ.

ತಾಳಮದ್ದಳೆ ಕೇಳುವವರಿಗೆ ನನ್ನದೊಂದು ಒತ್ತಾಯ ಉಂಟು. ಮುಂದೆ ಸಣ್ಣ ಸ್ಪೀಕರಿನ ಒಂದು ಜೊತೆ ಹಾಕಿ, 4 ಇಂಚಿನದ್ದು ಸಾಕು. ಅರ್ಥಗಾರಿಕೆಯಲ್ಲಿ ಇರುವುದೆಲ್ಲ ಮಾತು. ಆ ಮಾತು ಬೆನ್ನ ಹಿಂದಿನಿಂದ ಬಂದರೆ ಅಕ್ಷರ ಬಿಡಿಸಿ ಕೇಳುವುದಿಲ್ಲ. ವಾಲ್ಯೂಮ್ ಏರಿಸುತ್ತೇವೆ, ಆಗ ಚೆಂಡೆ ಬಂದಾಗ ಕಿವಿ ಒಡೆಯುತ್ತದೆ. ಮುಂದಿನ, ಹಿಂದಿನ ಸ್ಪೀಕರಿಗೆ ಸದ್ದು ಹಂಚುವ ಫೇಡರ್ ಸ್ವಲ್ಪ ಮುಂದಕ್ಕೆ ತನ್ನಿ, ಲೌಡ್‌ನೆಸ್ ಆಫ್ ಮಾಡಿ, ಬಾಸ್ ಒಂದೆರಡು ಹಂತ ಇಳಿಸಿ, ಮಿಡ್ ಒಂದು ಹಂತ ಏರಿಸಿ. ಎಂಜಿನ್ ಸದ್ದಿನ ನಡುವೆಯೂ ಪ್ರತಿ ಮಾತು ಸ್ಪಷ್ಟ ಬರುತ್ತದೆ. ಬಾಗಿಲಲ್ಲಿ ಸ್ಪೀಕರ್ ಹಾಕುವುದಾದರೆ ಗಾಜಿನ ಸಂದಿಯಿಂದ ಮಳೆನೀರು ಒಳಗೆ ಇಳಿಯುತ್ತದೆ ಅನ್ನುವುದು ನೆನಪಿರಲಿ. ಸ್ಪೀಕರಿನ ಹಿಂದೆ, ಮೇಲಿನ ಬದಿಗೆ ಪ್ಲಾಸ್ಟಿಕಿನ ಒಂದು ಮಾಡು ಕಟ್ಟಿ. ಬಾಗಿಲಿನ ಅಡಿಯ ತೂತುಗಳಲ್ಲಿ ಕೆಂಪು ಮಣ್ಣು ತುಂಬಿರುತ್ತದೆ, ಅದನ್ನೂ ತೆಗೆಯಿರಿ.

ರೇಡಿಯೋಗೆ ಮಂಗಳೂರು ಆಕಾಶವಾಣಿ 100.3ರಲ್ಲಿ, ಕಣ್ಣೂರು 101.5ರಲ್ಲಿ. ನೀವು ಎರಡರ ನಡುವೆ ಇದ್ದೀರಿ. ಮುಳ್ಳೇರಿಯ, ಆದೂರಿನ ಕಡೆ ಗುಡ್ಡದ ಮರೆ ಬಂದಾಗ ಸಿಗ್ನಲ್ ಹೋಗುತ್ತದೆ, ಅದಕ್ಕೆ ಸೆಟ್ಟು ಏನೂ ಮಾಡಲಾಗದು. ಆಂಟೆನಾ ಮಾತ್ರ ಪೂರ್ತಿ ಎಳೆದಿಡಿ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಅದರ ಕಾಲು ಭಾಗ 75 ಸೆಂ.ಮೀ. ಆಂಟೆನಾ ಅಷ್ಟು ಉದ್ದ ಇದ್ದಾಗ ಚೆನ್ನಾಗಿ ಹಿಡಿಯುತ್ತದೆ. ಬುಡದಲ್ಲಿ ತುಕ್ಕು ಇದ್ದರೆ ಉಜ್ಜಿ ತೆಗೆಯಿರಿ. ಸೆಕೆಂಡ್ ಹ್ಯಾಂಡ್ ಜಪಾನ್ ಸೆಟ್ಟು ಕಡಿಮೆಗೆ ಸಿಕ್ಕಿತು ಅಂತ ತಗೊಳ್ಳಬೇಡಿ. ಜಪಾನಿನಲ್ಲಿ ಮಾರುವ ಹಳೇ ಸೆಟ್ಟುಗಳ ಎಫ್‌ಎಂ 76ರಿಂದ 90ರವರೆಗೆ ಮಾತ್ರ. ನಮ್ಮ ಸ್ಟೇಷನ್‌ಗಳು ಅದರಲ್ಲಿ ಬರುವುದೇ ಇಲ್ಲ. ಗಲ್ಫಿನಿಂದ ಸಂಬಂಧಿಕರು ತಂದದ್ದಾದರೆ ಆ ತೊಂದರೆ ಇಲ್ಲ, ಅಲ್ಲೂ ಇಲ್ಲಿಯ ಹಾಗೆ 108ರವರೆಗೆ ಉಂಟು.

ಹಾಕಿದ ಮೇಲೆ ಆ್ಯಕ್ಸಿಲರೇಟರ್ ಒತ್ತಿದ ಹಾಗೆ ಏರುವ ಸದ್ದು ಬಂದರೆ ಮೊದಲು ಸಿಗರೇಟ್ ಲೈಟರಿನಲ್ಲಿ ಹಾಕಿದ ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಕಡಿಮೆ ಬೆಲೆಯ ಚಾರ್ಜರ್‌ಗಳು ಎಫ್‌ಎಂ ಕೆಡಿಸುತ್ತವೆ. ಆಮೇಲೆ ರೇಡಿಯೋ ಬಿಟ್ಟು ಬ್ಲೂಟೂತ್ ಹಾಕಿ ಕೇಳಿ. ಅದರಲ್ಲೂ ಕುಂಯ್ ಅಂತ ಬಂದರೆ ಅರ್ತ್ ಅಥವಾ ಕರೆಂಟಿನ ವೈರು. ರೇಡಿಯೋದಲ್ಲಿ ಮಾತ್ರ ಟಕಟಕ ಅಂತ ಬಂದರೆ ಇಗ್ನಿಷನ್ನಿನದ್ದು. ನಿಮ್ಮದು ಕಾರ್ಬುರೇಟರ್ ಗಾಡಿ, ಡಿಸ್ಟ್ರಿಬ್ಯೂಟರ್ ಉಂಟು. ಹಳೇ ಪ್ಲಗ್ ಕೇಬಲ್ ಬದಲಿಸಿ, ರೆಸಿಸ್ಟರ್ ಇರುವ ಪ್ಲಗ್ ಹಾಕಿದರೆ ಹೆಚ್ಚಾಗಿ ನಿಲ್ಲುತ್ತದೆ.

ಅಪ್ಪನ ಕ್ಯಾಸೆಟ್‌ಗಳನ್ನು ದಯವಿಟ್ಟು ಕೊಡಬೇಡಿ, ಹಳೇ ಪ್ಲೇಯರನ್ನೂ ಗುಜರಿಗೆ ಹಾಕಬೇಡಿ. ಪ್ಲೇಯರ್ ನಿಂತಿರುವುದು ಹೆಚ್ಚಾಗಿ ಒಳಗಿನ ರಬ್ಬರ್ ಬೆಲ್ಟ್ ಸಡಿಲಾಗಿ. ಅದು ಸಣ್ಣ ರಿಪೇರಿ. ಬಿಳಿ ಬೂಸಲು ಕಾಣುವ ಕ್ಯಾಸೆಟನ್ನು ಹಾಗೇ ಹಾಕಿ ಓಡಿಸಬೇಡಿ. ಹೆಡ್ಡಿಗೂ ಬೂಸಲು ಹತ್ತುತ್ತದೆ, ಟೇಪೂ ಹರಿಯಬಹುದು. ಮನೆಯಲ್ಲೋ ನೆಂಟರಲ್ಲೋ ಓಡುವ ಟೇಪ್‌ರೆಕಾರ್ಡರ್ ಇದ್ದರೆ ಅದರಿಂದ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿಕೊಳ್ಳಿ. ಮಾತಿನ ರೆಕಾರ್ಡಿಂಗಿಗೆ 128 ಕೆಬಿಪಿಎಸ್ ಎಂಪಿ3 ಸಾಕು, ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ. 8 ಜಿಬಿ ಪೆನ್ ಡ್ರೈವಿನಲ್ಲಿ 130 ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಪೆನ್ ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಎಷ್ಟೋ ಕಾರ್ ಸೆಟ್ಟುಗಳು ಬೇರೆಯದನ್ನು ಓದುವುದಿಲ್ಲ. ಎ ಸೈಡ್, ಬಿ ಸೈಡ್ ಫೈಲುಗಳಿಗೆ ಪ್ರಸಂಗದ ಹೆಸರಿನ ಮುಂದೆ 01, 02 ಅಂತ ನಂಬರ್ ಕೊಡಿ. ಇಲ್ಲದಿದ್ದರೆ ಸಂಧಾನ ಮುಗಿದ ಮೇಲೆ ಪೀಠಿಕೆ ಬರುತ್ತದೆ.

ನೀವೇ ಮಾಡಲು ಧೈರ್ಯ ಸಾಲದೆ ಅಂಗಡಿಗೇ ಕೊಡುವುದಾದರೆ ಮೂರು ಮಾತು ಮೊದಲೇ ಹೇಳಿ: ಹಳದಿಗೆ ಬ್ಯಾಟರಿ ಹತ್ತಿರ ಫ್ಯೂಸ್ ಬೇಕು, ಕೆಂಪು ಕೀಗೆ ಬೇಕು, ಸ್ಪೀಕರಿನ ಯಾವ ವೈರೂ ಬಾಡಿಗೆ ತಾಗಬಾರದು. ಕೆಲಸ ಮುಗಿದ ಮೇಲೆ ಅಲ್ಲೇ ಒಂದು ಪರೀಕ್ಷೆ ಕೇಳಿ. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಅದರ ನಡುವೆ ಮಲ್ಟಿಮೀಟರನ್ನು 10 ಆ್ಯಂಪಿಯರಿನಲ್ಲಿಟ್ಟು ಸೇರಿಸಬೇಕು. ಮೀಟರ್ ಸೇರಿಸಿದ ಮೇಲೆ ಕೀ ತಿರುಗಿಸಬಾರದು. ಕೆಲವು ನಿಮಿಷ ಬಿಟ್ಟು ನೋಡಿದಾಗ 0.05 ಆ್ಯಂಪಿಯರಿಗಿಂತ ಕಡಿಮೆ ಇದ್ದರೆ ನಿಶ್ಚಿಂತೆಯಿಂದ ಕಾರು ಮನೆಗೆ ತನ್ನಿ. ಜಾಸ್ತಿ ಇದ್ದರೆ ಸೆಟ್ಟಿನ ಫ್ಯೂಸ್ ತೆಗೆದು ಮತ್ತೆ ನೋಡಿ. ಆಗ ಇಳಿದರೆ ವೈರು ಕೊಟ್ಟದ್ದು ತಪ್ಪಾಗಿದೆ, ಅಲ್ಲೇ ಬಿಚ್ಚಿಸಿ ಸರಿ ಮಾಡಿಸಿ. ಇಳಿಯದಿದ್ದರೆ ತೊಂದರೆ ಸ್ಟೀರಿಯೋದ್ದಲ್ಲ. ಡಿಕ್ಕಿಯ ಲೈಟೋ ಆಲ್ಟರ್ನೇಟರಿನ ಡಯೋಡೋ ಕರೆಂಟು ತಿನ್ನುತ್ತಿರಬಹುದು, ಅದನ್ನು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ.